ನವೆಂಬರ್ ಒಂದರ ಮಣೆ

ನಮ್ಮ ಅಪ್ಪನಿಗೆ ತಾರೀಖುಗಳ ಹುಚ್ಚು. ಮಸ್ಕಿಯ ಬಜಾರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದರೂ ಅವನಿಗೆ ಗಜಕಡ್ಡಿಗಿಂತ ಕ್ಯಾಲೆಂಡರಿನ ಮೇಲೆ ಪ್ರೀತಿ ಹೆಚ್ಚು. ಮನೆಯಲ್ಲಿ ನಡೆದ ಪ್ರತಿ ಸಂಗತಿಯನ್ನೂ ದೇಶದಲ್ಲಿ ನಡೆದ ಯಾವುದಾದರೊಂದು ಸಂಗತಿಯ ಪಕ್ಕಕ್ಕೆ ಕೂಡಿಸಿಯೇ ಹೇಳುತ್ತಿದ್ದ. ನನ್ನ ಸಣ್ಣ ತಮ್ಮ ಹುಟ್ಟಿದ್ದು ಹಿಂದೂಸ್ತಾನದ ಫೌಜು ನಿಜಾಮನ ರಾಜ್ಯದೊಳಗೆ ಬಂದ ವಾರ. ಎಮ್ಮೆ ತಂದದ್ದು ರಿಪಬ್ಲಿಕ್ ಆದ ದಿನ. ಅವ್ವನಿಗೆ ಚೇಳು ಕಡಿದದ್ದು ಮೊದಲನೇ ಇಲೆಕ್ಷನ್ನಿನ ದಿನ. ಅಂದು ಓಟು ತಪ್ಪಿಸಿದಳೆಂದು ಅಪ್ಪ ಸಿಟ್ಟಾದದ್ದು ತನ್ನ ಮೇಲೆಯೇ ಹೊರತು ಚೇಳಿನ ಮೇಲಲ್ಲ ಎಂದು ಅವ್ವ ಕೊನೆಯತನಕ ಆಡಿಕೊಳ್ಳುತ್ತಿದ್ದಳು.

ಅತ್ತೆಯ ಲೆಕ್ಕ ಬೇರೆ. ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ಅವಳನ್ನು ತುಂಗಭದ್ರೆಯ ಆಚೆ, ಸಿರುಗುಪ್ಪ ಸೀಮೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಅವಳಿಗೆ ತಾರೀಖು ಗೊತ್ತಿಲ್ಲ, ತಿಥಿ ಗೊತ್ತು. ಯಾವ ಅಮಾವಾಸ್ಯೆಗೆ ಯಾರು ಹುಟ್ಟಿದರು, ಯಾವ ಹುಣ್ಣಿಮೆಗೆ ಯಾವ ಆಕಳು ಈಯಿತು ಎಂದು ಕೇಳಿದರೆ ಒಲೆ ಊದುತ್ತಲೇ ಹೇಳುತ್ತಿದ್ದಳು. ಅಣ್ಣ ತಂಗಿ ಇಬ್ಬರೂ ಕೂತು ಹಳೆಯದನ್ನು ಮಾತಾಡಲು ಶುರುಮಾಡಿದರೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹತ್ತುತ್ತಿರಲಿಲ್ಲ. ಜಗಳವಾಡುತ್ತ ಒಂದು ಬುಟ್ಟಿ ಶೇಂಗಾ ಖಾಲಿ ಮಾಡುತ್ತಿದ್ದರು.

ಇಬ್ಬರೂ ಸಣ್ಣವರಿದ್ದಾಗಲೇ ಪ್ಲೇಗಿನಲ್ಲಿ ತಾಯಿತಂದೆಯನ್ನು ಕಳೆದುಕೊಂಡವರು. ಅಪ್ಪನೇ ಅತ್ತೆಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ. ಹೀಗಾಗಿ ಅಣ್ಣನ ಜೀವದ ವಿಷಯದಲ್ಲಿ ಅವಳಿಗೆ ಒಂದು ಅಂಜಿಕೆ ಯಾವತ್ತೂ ಇತ್ತು. ಆ ಅಂಜಿಕೆಗೆ ಅವಳು ಕಂಡುಕೊಂಡ ಮದ್ದು ದೀಪಾವಳಿಯ ಆರತಿ. ನಮ್ಮ ಕಡೆ ನರಕ ಚತುರ್ದಶಿಯ ನಸುಕಿನಲ್ಲಿ ಗಂಡಸರಿಗೆ ಎಣ್ಣೆ ಹಚ್ಚಿ, ಹಿಂದಿನ ಸಂಜೆ ತುಂಬಿಟ್ಟ ಹಂಡೆಯ ನೀರು ಎರೆದು, ಮಣೆಯ ಮೇಲೆ ಸಾಲಾಗಿ ಕೂಡಿಸಿ ಹೆಣ್ಣುಮಕ್ಕಳು ಆರತಿ ಬೆಳಗುತ್ತಾರೆ. ಕಣಕದ ಹಿಟ್ಟಿನಲ್ಲಿ ಮಾಡಿದ ದೀಪ, ತುಪ್ಪದ ಬತ್ತಿ. ಹೊತ್ತು ಹುಟ್ಟುವುದರೊಳಗೆ ಬೆಳಗಿದರೆ ಆ ವರ್ಷ ಯಮ ಆ ಮನೆಯ ಗಂಡಸಿನ ಕಡೆ ತಿರುಗಿ ನೋಡುವುದಿಲ್ಲ ಎಂದು ಅತ್ತೆಯ ನಂಬಿಕೆ. ಹೊತ್ತು ಹುಟ್ಟಿದ ಮೇಲೆ ಬೆಳಗಿದರೆ ಫಲವಿಲ್ಲ, ಮೇಲಾಗಿ ಕೇಡು. ಇದನ್ನು ಅವಳಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. ಆದರೆ ಅವಳ ಎದುರಿಗೆ ಇದು ಸುಳ್ಳೆಂದು ಹೇಳುವ ಎದೆ ಯಾರಿಗೂ ಇರಲಿಲ್ಲ.

ನಲವತ್ತೆಂಟರಲ್ಲಿ ನಿಜಾಮನ ರಾಜ್ಯದಲ್ಲಿ ಗಲಾಟೆ ಜೋರಾದಾಗ ನಾವು ಅಂಗಡಿಗೆ ಕೀಲಿ ಹಾಕಿ ಹೊಳೆ ದಾಟಿ ಅತ್ತೆಯ ಮನೆ ಸೇರಿದೆವು. ಆಗ ನಾನು ಪರಕಾರ ಉಡುವ ಹುಡುಗಿ. ಹೊಳೆಯ ಈಚೆ ನಿಜಾಮನ ರಾಜ್ಯ, ಆಚೆ ಸ್ವತಂತ್ರ ದೇಶ. ನಡುವೆ ಒಂದು ಹರಗೋಲು. ಅತ್ತೆ ತನ್ನ ನಡುಮನೆಯನ್ನು ನಮಗೆ ಬಿಟ್ಟುಕೊಟ್ಟು ತಾನು ದನದ ಅಂಕಣದ ಪಕ್ಕ ಮಲಗಿದಳು. ತಿಂಗಳುಗಟ್ಟಲೆ ಇದ್ದೆವು. ನನ್ನ ತಮ್ಮ ಅಲ್ಲೇ ಹುಟ್ಟಿದ. ಫೌಜು ಬಂದು ಎಲ್ಲ ತಣ್ಣಗಾದ ಮೇಲೆ ಮಸ್ಕಿಗೆ ವಾಪಸಾದೆವು. ಆ ವರ್ಷ ದೀಪಾವಳಿಯ ಅಮಾವಾಸ್ಯೆ ನವೆಂಬರ್ ಒಂದಕ್ಕೆ ಬಂದಿತ್ತು ಎಂದು ಅಪ್ಪ ಆಮೇಲೆ ಸಾವಿರ ಸಲ ಹೇಳಿದ್ದಾನೆ.

ಹಬ್ಬಕ್ಕೆ ಅತ್ತೆ ಹೊರಟಳು. ಅಣ್ಣನಿಗೆಂದು ಒಂದು ಹೊಸ ಧೋತರ ಕೊಂಡಿದ್ದಳು. ಬಟ್ಟೆ ಅಂಗಡಿಯವನಿಗೆ ಬಟ್ಟೆ ತರುವವಳು ಇವಳೊಬ್ಬಳೇ ಎಂದು ನಾವು ನಗುತ್ತಿದ್ದೆವು. ಹೊಳೆಯ ಈಚೆ ದಂಡೆಗೆ ಕರೋಡಗಿರಿ ನಾಕಾ ಇತ್ತು, ಎಂದರೆ ನಿಜಾಮನ ಸರಕಾರದ ಸುಂಕದ ಕಟ್ಟೆ. ನಿಜಾಮನ ಆಟ ಮುಗಿದಿದ್ದರೂ ನಾಕಾ ಮುಗಿದಿರಲಿಲ್ಲ. ಅಲ್ಲಿಯ ಜವಾನ ಗಂಟು ಬಿಚ್ಚಿಸಿ ಹೊಸ ಧೋತರಕ್ಕೆ ಸುಂಕ ಕೇಳಿದ. ಇದು ಮಾರುವುದಲ್ಲ, ಆರತಿಗೆ ಕೂಡುವ ನನ್ನ ಅಣ್ಣ ಉಡುವುದು ಎಂದು ಅತ್ತೆ ವಾದಕ್ಕೆ ನಿಂತಳು. ಮುನಷಿ ಬಂದು ತೀರ್ಮಾನ ಮಾಡಲಿ ಎಂದು ಅವಳನ್ನು ಬೇವಿನ ಗಿಡದ ಕೆಳಗೆ ಕೂಡಿಸಿದರು. ಮುನಷಿ ಊಟ ಮಾಡಿ, ನಿದ್ದೆ ಮಾಡಿ ಬಂದ. ಅತ್ತೆ ಸಿಂಧನೂರು ಮುಟ್ಟುವ ಹೊತ್ತಿಗೆ ಮೋಟಾರು ಹೋಗಿತ್ತು. ಹತ್ತಿ ಹೇರಿದ ಬಂಡಿಯೊಂದರಲ್ಲಿ ಕೂತು ಮಸ್ಕಿಗೆ ಬಂದಳು.

ಈ ಕಡೆ ಅಪ್ಪ ನಸುಕಿಗೆ ಮುಂಚೆಯೇ ಎದ್ದು ತಲೆಗೆ ಎಣ್ಣೆ ಹಾಕಿಸಿಕೊಂಡು ಸ್ನಾನ ಮಾಡಿ ಮಣೆಯ ಮೇಲೆ ಕೂತಿದ್ದ. ಅವ್ವ ತಾನು ಬೆಳಗುತ್ತೇನೆ ಎಂದರೆ ಬೇಡ, ತಂಗಿ ಬರಲಿ ಎಂದ. ಗುಡ್ಡದ ಮೇಲೆ ಹೊತ್ತು ಬಂತು. ಅತ್ತೆ ಬಂದಾಗ ಬಿಸಿಲು ಅಂಗಳ ತುಂಬಿತ್ತು. ಅವಳು ಬಾಗಿಲಲ್ಲೇ ನಿಂತು, ಮಣೆಯ ಮೇಲೆ ಕೂತಿದ್ದ ಅಣ್ಣನನ್ನು ನೋಡಿ, ಧೋತರದ ಗಂಟನ್ನು ಎದೆಗೆ ಅವಚಿಕೊಂಡು ಅತ್ತಳು.

ಅಪ್ಪನ ಸಿಟ್ಟು ನಮ್ಮ ಓಣಿಗೆಲ್ಲ ಗೊತ್ತಿದ್ದದ್ದೇ. ನನಗೂ ಅದರಲ್ಲಿ ಒಂದು ಪಾಲು ಬಂದಿದೆ. ಎದ್ದುನಿಂತು ಮಣೆಗೆ ಕಾಲಿಂದ ಒದ್ದ.

"ನನ್ನ ತಂಗಿ ನನ್ನ ಮನಿಗಿ ಬರಾಕ ಸುಂಕ ಕೊಡಬೇಕೇನು? ನಿಮ್ಮೂರು ನಮ್ಮೂರು ಒಂದು ಸರಕಾರದಾಗ ಬರೋತನಕ ನಾ ಆರತಿಗಿ ಕೂಡಂಗಿಲ್ಲ. ಆ ಧೋತರಾನೂ ಉಡಂಗಿಲ್ಲ. ಇದು ನನ್ನ ಆಣಿ."

ಅತ್ತೆ ಅವನ ಬಾಯಿ ಮುಚ್ಚಲು ಓಡಿಬಂದಳು. ಅಷ್ಟರಲ್ಲಿ ಆಣೆ ಹೊರಬಿದ್ದಾಗಿತ್ತು. ಸುಂಕದವನ ಮೇಲಿನ ಸಿಟ್ಟಿಗೆ ಅಪ್ಪ ತಂಗಿಗೆ ಶಿಕ್ಷೆ ಕೊಟ್ಟ ಎಂಬುದು ಅವನಿಗೆ ಅಂದು ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ. ನಾವು ಅವನನ್ನು ಭಾರಿ ಮನುಷ್ಯನೆಂದು ತಿಳಿದೆವು.

ಅಲ್ಲಿಂದ ಅಪ್ಪ ಕನ್ನಡ ನಾಡು ಒಂದಾಗಬೇಕೆಂದು ತಿರುಗಲು ಶುರುಮಾಡಿದ. ಸಿಂಧನೂರಿನಲ್ಲಿ ಸಭೆ, ಲಿಂಗಸುಗೂರಿನಲ್ಲಿ ಮೆರವಣಿಗೆ, ಹಟ್ಟಿಯ ಗಣಿ ಕೆಲಸದವರ ನಡುವೆ ಭಾಷಣ. ಭಾಷಣ ಅವನಿಗೆ ಬರುತ್ತಿರಲಿಲ್ಲ, ಆದರೆ ಗಂಟಲು ಗಟ್ಟಿ. ನಸುಕಿನಲ್ಲಿ ಓಣಿ ಓಣಿ ಹಾಡುತ್ತ ತಿರುಗುವ ಫೇರಿಗಳಲ್ಲಿ ಮುಂದೆ ನಿಂತು ದನಿ ಎತ್ತಿದರೆ ಮಲಗಿದ ಊರು ಎದ್ದು ಕೂಡುತ್ತಿತ್ತು. ಅಂಗಡಿಯನ್ನು ಅವ್ವ ನೋಡಿಕೊಂಡಳು. ಗಜಕಡ್ಡಿ ಹಿಡಿದ ಹೆಂಗಸು ಮಸ್ಕಿಯಲ್ಲಿ ಅವಳೇ ಮೊದಲನೆಯವಳಿರಬೇಕು.

ಅತ್ತೆ ಮಾತ್ರ ಪ್ರತಿ ದೀಪಾವಳಿಗೂ ಅದೇ ಧೋತರ ಹಿಡಿದುಕೊಂಡು ಬರುತ್ತಿದ್ದಳು. ಈಗ ಒಂದು ದಿನ ಮುಂಚೆಯೇ ಹೊರಡುತ್ತಿದ್ದಳು. ನಸುಕಿನಲ್ಲಿ ನನ್ನ ತಮ್ಮಂದಿರನ್ನು ಕೂಡಿಸಿ ಬೆಳಗುತ್ತಿದ್ದಳು. ಅಪ್ಪ ಹೊರಗಿನ ಕಟ್ಟೆಯ ಮೇಲೆ ಪೇಪರು ಹಿಡಿದು ಕೂಡುತ್ತಿದ್ದ. ಕತ್ತಲಲ್ಲಿ ಅದೇನು ಓದುತ್ತೀ ಎಂದು ಅವ್ವ ಒಳಗಿಂದ ಕೇಳುತ್ತಿದ್ದಳು. ಒಂದು ವರ್ಷ ಅಪ್ಪನಿಗೆ ಚಳಿಜ್ವರ. ಹೊದ್ದು ಮಲಗಿದ್ದಾಗಲೇ ಅತ್ತೆ ಸದ್ದಿಲ್ಲದೆ ತಟ್ಟೆ ಹಿಡಿದು ಬಂದಳು. ದೀಪದ ಬೆಳಕು ಕಣ್ಣಿಗೆ ಬಿದ್ದಕೂಡಲೇ ಅವನು ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡ. ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ, ಆ ವರ್ಷವಿಡೀ ಅಣ್ಣನ ಸುದ್ದಿ ಕೇಳಿಕೊಂಡು ಸಿಂಧನೂರಿನ ಸಂತೆಗೆ ಹೋಗಿಬರುವವರ ದಾರಿ ಕಾದಳು.

ಐವತ್ತಮೂರರಲ್ಲಿ ಆಂಧ್ರ ಬೇರೆಯಾದಾಗ ಅತ್ತೆಯ ಊರು ಮದ್ರಾಸಿನಿಂದ ಮೈಸೂರಿಗೆ ಹೋಯಿತು. ನಾವು ಇನ್ನೂ ಹೈದರಾಬಾದು ರಾಜ್ಯದಲ್ಲೇ. ಹೊಳೆಯ ದಂಡೆಯ ನಾಕಾವೂ ಆ ಹೊತ್ತಿಗೆ ಸೊರಗಿ, ಕೊನೆಗೆ ಕಟ್ಟೆಯ ಮೇಲೆ ಒಬ್ಬ ಚಹಾ ಕಾಸತೊಡಗಿದ. ಅತ್ತೆಗೆ ಅಷ್ಟೇ ಸಾಕಾಗಿತ್ತು. ಚಹಾದ ಅಂಗಡಿಯ ಮೇಲೆ ಯಾವ ಆಣೆ ಎಂದು ಕೇಳಿದಳು. ಒಂದು ಸರಕಾರ ಎಂದಿದ್ದೇನೆ, ಒಂದೇ ಆಗಬೇಕು ಎಂದು ಅಪ್ಪ ಪಟ್ಟು ಬಿಡಲಿಲ್ಲ. ಅಷ್ಟೊತ್ತಿಗೆ ಆಣೆ ಅವನ ಹೆಸರಿನ ಒಂದು ಭಾಗವಾಗಿಬಿಟ್ಟಿತ್ತು. ಸಭೆಗಳಲ್ಲಿ ಅವನನ್ನು ಪರಿಚಯ ಮಾಡಿಸುವಾಗ, ತಂಗಿಯ ಆರತಿ ಬಿಟ್ಟವರು ಇವರು ಎಂದು ಹೇಳಿ ಚಪ್ಪಾಳೆ ಹೊಡೆಸುತ್ತಿದ್ದರು. ಒಬ್ಬ ಹೆಣ್ಣುಮಗಳ ಅಂಜಿಕೆಗೆ ಜನ ಚಪ್ಪಾಳೆ ತಟ್ಟುತ್ತಿದ್ದರಲ್ಲ ಎಂದು ನೆನೆದರೆ ಈಗ ಮೈ ಉರಿಯುತ್ತದೆ.

ಐವತ್ತಾರಕ್ಕೆ ಸುದ್ದಿ ಬಂತು. ನವೆಂಬರ್ ಒಂದಕ್ಕೆ ಹೈದರಾಬಾದು ರಾಜ್ಯ ಇಲ್ಲವಾಗುತ್ತದೆ. ರಾಯಚೂರು, ಗುಲಬರ್ಗಾ, ಬೀದರ ಕನ್ನಡ ನಾಡಿಗೆ ಸೇರುತ್ತವೆ. ಅಪ್ಪ ಪಂಚಾಂಗ ತೆಗೆದು ನೋಡಿ ಕೂತಲ್ಲೇ ಕೂತ. ನವೆಂಬರ್ ಒಂದು ನರಕ ಚತುರ್ದಶಿ. ಅವನ ತಾರೀಖು, ಅತ್ತೆಯ ತಿಥಿ, ಜನ್ಮದಲ್ಲಿ ಒಂದು ಸಲ ಒಂದೇ ದಿನಕ್ಕೆ ಬಂದು ಕೂತಿದ್ದವು. ಅಪ್ಪ ಅಂದು ಅಂಗಡಿ ಮುಚ್ಚಿ ಬಂದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಅವ್ವನಿಗೆ ಅದನ್ನೇ ಮತ್ತೆ ಮತ್ತೆ ಹೇಳಿದ. ಹೊಳೆಯ ದಾರಿಯಲ್ಲಿರುವ ಸಾಲಗುಂದದ ಕಡೆ ಹೊರಟಿದ್ದ ಒಬ್ಬ ಗಿರಾಕಿಯ ಕೈಯಲ್ಲಿ ಅತ್ತೆಗೆ ಹೇಳಿಕಳಿಸಿದ: ಈ ಸಲ ಧೋತರ ವಾಪಸು ಒಯ್ಯಬೇಕಾಗಿಲ್ಲ.

ಆದರೆ ಆಗ ಮಸ್ಕಿ ಲಿಂಗಸುಗೂರು ತಾಲೂಕಿಗೆ ಸೇರಿದ ಊರು, ಉತ್ಸವ ಲಿಂಗಸುಗೂರಿನಲ್ಲಿ. ಅಲ್ಲಿ ಮುಂದಾಳಾಗಿದ್ದ ಒಬ್ಬ ವಕೀಲರು ಅಪ್ಪನನ್ನು ಹುಡುಕಿಕೊಂಡು ಬಂದರು. ನಸುಕಿನ ಫೇರಿ ಅಪ್ಪನ ದನಿಯಿಲ್ಲದೆ ಏಳುವುದಿಲ್ಲ ಎಂದರು. ಮನೆಯಲ್ಲಿ ಆರತಿ ಇದೆ ಎಂದು ಅಪ್ಪ ಹೇಳಿದ. ಫೇರಿ ಮುಗಿದಕೂಡಲೇ ಜೀಪಿನಲ್ಲಿ ಮಸ್ಕಿಗೆ ಮುಟ್ಟಿಸುವುದು ನನ್ನ ಜವಾಬ್ದಾರಿ, ಹೊತ್ತು ಹುಟ್ಟುವುದರೊಳಗೆ ಮಣೆಯ ಮೇಲಿರುತ್ತೀರಿ ಎಂದು ಅವರು ಮಾತು ಕೊಟ್ಟರು. ಅವ್ವ ಒಲೆಯ ಮುಂದಿನಿಂದಲೇ, ಹೋಗುವುದು ಬೇಡ ಎಂದಳು. ಅಪ್ಪ ಒಪ್ಪಿಬಿಟ್ಟಿದ್ದ.

ನೀರು ತುಂಬುವ ದಿನ ಮಧ್ಯಾಹ್ನ ಅತ್ತೆ ಬಂದಳು. ಕಾಲಿಗೆ ನೀರು ಹಾಕಿಕೊಂಡವಳೇ ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿದಳು. ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಸಂಜೆ ಜೀಪು ಬಂತು. ಅಪ್ಪ ತಂಗಿಯ ಮುಖ ನೋಡದೆ, ನಸುಕಿಗೆ ಬಂದುಬಿಡುತ್ತೇನೆ ಎಂದ. ಅತ್ತೆ ತಡೆಯಲಿಲ್ಲ. ಇಷ್ಟು ವರ್ಷ ಬಾಯಿ ನೋಯುವಷ್ಟು ಬೇಡಿಕೊಂಡವಳು ಅಂದು ಮಾತ್ರ, ಹೋಗಿ ಬಾ ಅಣ್ಣ, ಇದು ನೀ ಗಳಿಸಿದ ದಿನ ಎಂದಳು. ಅವಳು ಅಂದು ಒಂದು ಸಲ ಬೇಡ ಎಂದಿದ್ದರೆ ಅಪ್ಪ ಜೀಪು ಹತ್ತುತ್ತಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಸುಕಿನಲ್ಲಿ ಎಲ್ಲರದೂ ಸ್ನಾನವಾಯಿತು. ಅತ್ತೆ ಮಣೆಗಳನ್ನು ಸಾಲಾಗಿ ಹಾಕಿ, ಅಪ್ಪನದನ್ನು ಮೊದಲು ಇಟ್ಟು ಅದರ ಸುತ್ತ ರಂಗೋಲಿ ಎಳೆದಳು. ಧೋತರವನ್ನು ಮಣೆಯ ಪಕ್ಕ ಮಡಿಸಿಟ್ಟಳು. ಎಂಟು ವರ್ಷ ಪೆಟ್ಟಿಗೆಯಲ್ಲಿದ್ದ ಧೋತರ, ಮಡಿಕೆಯ ಗೆರೆಗಳು ಹಳದಿಯಾಗಿದ್ದವು. ನನ್ನ ತಮ್ಮಂದಿರಿಗೆ ಬೆಳಗಿ ಮುಗಿಸಿದಳು. ಆಮೇಲೆ ತಟ್ಟೆ ಹಿಡಿದು ಅಪ್ಪನ ಮಣೆಯ ಎದುರಿಗೆ ಕೂತಳು. ಬತ್ತಿ ಇಳಿದಾಗಲೆಲ್ಲ ತುಪ್ಪ ಹಾಕಿದಳು. ರಸ್ತೆಯಲ್ಲಿ ಏನು ಸದ್ದಾದರೂ ಬಾಗಿಲಿಗೆ ಹೋಗಿ ನೋಡಿ ಬಂದು ಕೂಡುತ್ತಿದ್ದಳು. ಗುಡ್ಡದ ಹಿಂದೆ ಬೆಳ್ಳಗಾಯಿತು, ಕೆಂಪಾಯಿತು. ಮಣೆಗಾದರೂ ಬೆಳಗಿಬಿಡು ಎಂದು ಅವ್ವ ಹೇಳಿದಳು. ಖಾಲಿ ಮಣೆಗೆ ಬೆಳಗಬಾರದು ಎಂದು ಅತ್ತೆ ತಲೆಯಾಡಿಸಿದಳು. ಅಂಗಳದ ಗೋಡೆಯ ಮೇಲೆ ಬಿಸಿಲು ಬಿದ್ದಾಗ ದೀಪ ಶಾಂತ ಮಾಡಿ ಎದ್ದು ಹೋಳಿಗೆಯ ಹೂರಣ ರುಬ್ಬಲು ಹೋದಳು.

ಲಿಂಗಸುಗೂರಿನಲ್ಲಿ ನಡೆದದ್ದನ್ನು ಅಪ್ಪನೇ ಆಮೇಲೆ ಹೇಳಿದ. ಫೇರಿ ಹೊತ್ತಿಗೆ ಸರಿಯಾಗಿ ಮುಗಿಯಿತು. ವಕೀಲರು ಮಾತಿಗೆ ತಪ್ಪಲಿಲ್ಲ. ಜೀಪು ತಯಾರಿತ್ತು, ಡ್ರೈವರು ಹಾರ್ನು ಹೊಡೆದ. ಅಪ್ಪ ಹತ್ತಲು ಹೋದಾಗ, ಝೆಂಡಾ ಏರಿಸುವವರು ಇವರೇ ಆಗಬೇಕು ಎಂದು ಮಂದಿಯಲ್ಲಿ ಯಾರೋ ಕೂಗಿದರು. ಎಲ್ಲರೂ ಕೂಗಿದರು. ಹಗ್ಗವನ್ನು ಅವನ ಕೈಗೆ ಕೊಟ್ಟರು. ಹೊತ್ತು ಹುಟ್ಟುವಾಗ ಏರಿಸಬೇಕು. ಅಪ್ಪ ಜೀಪಿನ ಕಡೆ ನೋಡಿದ, ಹಗ್ಗದ ಕಡೆ ನೋಡಿದ, ನಿಂತ.

ಮಧ್ಯಾಹ್ನ ಬಂದ. ಕೊರಳಲ್ಲಿ ಚೆಂಡುಹೂವಿನ ಹಾರ, ಕೈಯಲ್ಲಿ ಪೇಢೆಯ ಪುಡಿಕೆ, ದನಿ ಪೂರಾ ಬಿದ್ದಿತ್ತು. ಬಂದವನೇ ನೆಟ್ಟಗೆ ಹೋಗಿ ಮಣೆಯ ಮೇಲೆ ಕೂತ. ರಂಗೋಲಿ ಆಗಲೇ ಮಕ್ಕಳ ಕಾಲಿಗೆ ಸಿಕ್ಕು ಅಳಿಸಿತ್ತು.

"ಬಾರವ್ವ ತಂಗಿ, ಈಗ ಬೆಳಗು. ಒಂದಾತು ನಾಡು," ಎಂದ.

ಅತ್ತೆ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಹೊರಗೆ ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಹೊತ್ತು ಏರೇತಣ್ಣ. ಈಗ ಬೆಳಗಿದ್ರ ನಿನಗ ಛಲೋ ಅಲ್ಲ. ಬರೋ ವರ್ಷ ಬೆಳಗ್ತೀನಿ. ಈಗೇನು ನಾಕಾ ಇಲ್ಲ, ಆಣಿ ಇಲ್ಲ, ಯಾಕ ಅವಸರ?"

ಅಪ್ಪ ನಕ್ಕ. ಹೌದಲ್ಲ, ಇನ್ನು ಎಲ್ಲ ವರ್ಷವೂ ನಮ್ಮವೇ ಎಂದ. ನಾವೆಲ್ಲ ನಕ್ಕೆವು, ಪೇಢೆ ತಿಂದೆವು. ಹೊಸ ರಾಜ್ಯಕ್ಕೆ ಮೈಸೂರು ಎಂದೇ ಹೆಸರಿಟ್ಟರಲ್ಲ ಎಂದು ಅಪ್ಪ ಸ್ವಲ್ಪ ಗೊಣಗಿದ್ದು ಬಿಟ್ಟರೆ ಅಂದು ಮನೆಯಲ್ಲಿ ಯಾರಿಗೂ ಯಾವ ಕೊರತೆಯೂ ಕಾಣಲಿಲ್ಲ. ಇದನ್ನು ಬರೆಯುವಾಗ ನಾನು ಮತ್ತೆ ಮತ್ತೆ ನಿಲ್ಲುವುದು ಇಲ್ಲಿಯೇ. ಅಂದು ಯಾರಾದರೂ ಅತ್ತಿದ್ದರೆ, ಜಗಳವಾಡಿದ್ದರೆ, ಅದು ದೊಡ್ಡ ದಿನವೆಂದು ನಮಗೆ ತಿಳಿಯುತ್ತಿತ್ತು. ಅತ್ತೆ ಧೋತರವನ್ನು ಮತ್ತೆ ಗಂಟಿನಲ್ಲಿ ಕಟ್ಟಿಕೊಂಡಳು. ಆರತಿಯಿಲ್ಲದೆ ಅದನ್ನು ಕೊಡುವುದಿಲ್ಲ ಎಂದಳು. ಪಾಡ್ಯ ಮುಗಿಸಿ ಸಿಂಧನೂರಿನ ಬಸ್ಸು ಹತ್ತಿದಳು.

ಮುಂದಿನ ಮಳೆಗಾಲ ಹೊಳೆಯಾಚೆಯ ಹಳ್ಳಿಗಳಲ್ಲಿ ವಾಂತಿಭೇದಿ ಬಂತು. ಸುದ್ದಿ ಮುಟ್ಟಿ, ಹರಗೋಲು ಸಿಕ್ಕು, ಅಪ್ಪ ಅಲ್ಲಿಗೆ ಹೋಗುವ ಹೊತ್ತಿಗೆ ಅತ್ತೆಯ ಮಣ್ಣಾಗಿತ್ತು. ಧೋತರ ಹಿಡಿದುಕೊಂಡು ವಾಪಸು ಬಂದ. ಹೊಳೆ ದಾಟುವಾಗ ಯಾರೂ ಗಂಟು ಬಿಚ್ಚಿಸಲಿಲ್ಲ ಎಂದು ಅವ್ವನಿಗೆ ಹೇಳಿದನಂತೆ. ಅದೊಂದೇ ಮಾತು.

ಆಮೇಲೆ ದೀಪಾವಳಿಗಳು ಬಂದವು, ಹೋದವು. ಅಪ್ಪ ಅವ್ವನ ಆರತಿಗೂ ಕೂಡಲಿಲ್ಲ, ನನ್ನ ಆರತಿಗೂ ಕೂಡಲಿಲ್ಲ. ಆದರೆ ಪ್ರತಿ ವರ್ಷ ನವೆಂಬರ್ ಒಂದಕ್ಕೆ, ತಿಥಿ ಯಾವುದೇ ಇರಲಿ, ನಸುಕಿನಲ್ಲಿ ಎದ್ದು ಸ್ನಾನ ಮಾಡಿ ಆ ಹಳದಿ ಗೆರೆಯ ಧೋತರ ಉಟ್ಟು ಮಣೆಯ ಮೇಲೆ ಕೂಡುತ್ತಿದ್ದ. ಎದುರಿಗೆ ದೀಪವಿಲ್ಲ, ತಟ್ಟೆಯಿಲ್ಲ. ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಎದ್ದು ಅಂಗಡಿಗೆ ಹೋಗುತ್ತಿದ್ದ. ಆ ದಿನದ ಯಾವ ಸಭೆಗೂ, ಯಾರು ಕರೆದರೂ, ಹೋಗಲಿಲ್ಲ. ರಾಜ್ಯಕ್ಕೆ ಮೈಸೂರು ಎಂಬ ಹೆಸರಿಟ್ಟದ್ದಕ್ಕೆ ಮುನಿಸಿಕೊಂಡಿದ್ದಾನೆ ಎಂದು ಊರು ತಿಳಿಯಿತು. ಅಪ್ಪ ಅಲ್ಲವೆನ್ನಲಿಲ್ಲ.

ಎಪ್ಪತ್ತಮೂರರ ನವೆಂಬರ್ ಒಂದಕ್ಕೆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ದೀಪಾವಳಿ ಆ ವರ್ಷ ಮೊದಲೇ ಮುಗಿದಿತ್ತು. ಹಬ್ಬಕ್ಕೆಂದು ಬಂದವಳು ನಾನು ಇನ್ನೂ ತವರಿನಲ್ಲೇ ಇದ್ದೆ. ಅವ್ವ ತೀರಿಹೋಗಿದ್ದಳು. ಅಪ್ಪನ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ಯಾರೆಂದು ದನಿಯಿಂದಲೇ ಗುರುತು ಹಿಡಿಯುತ್ತಿದ್ದ. ಬೆಳಗಾದ ಮೇಲೆ ಊರಿನ ನಾಲ್ಕು ಮಂದಿ ಹಾರ ಹಿಡಿದು ಬಾಗಿಲಿಗೆ ಬಂದರು. ನಿಮ್ಮ ಸಿಟ್ಟಿಗೆ ಕಾರಣವಾದ ಹೆಸರು ಹೋಯಿತಲ್ಲ, ಇನ್ನಾದರೂ ಬರ್ರಿ ಎಂದು ಕರೆಯಲು ಬಂದಿದ್ದರು. ಅವರನ್ನು ಕಟ್ಟೆಯ ಮೇಲೆ ಕೂಡಿಸಿ ನಾನು ಒಳಗೆ ಹೋದೆ.

ಹಂಡೆಯ ಪಕ್ಕದ ಕತ್ತಲ ಕೋಣೆಯಲ್ಲಿ ಅಪ್ಪ ಇನ್ನೂ ಮಣೆಯ ಮೇಲಿದ್ದ. ಧೋತರ ಗೆರೆಗಳಲ್ಲಿ ಹರಿದು ನಾನೇ ಅಲ್ಲಲ್ಲಿ ಹೊಲಿದಿದ್ದೆ. ಅದೇನು ಅನ್ನಿಸಿತೋ, ದೇವರ ಮುಂದಿದ್ದ ಪಣತಿಯನ್ನು ತಟ್ಟೆಯಲ್ಲಿಟ್ಟುಕೊಂಡು ಅವನೆದುರಿಗೆ ಬಂದು ನಿಂತೆ. ಬೆಳಕೋ ಕಾವೋ ಮುಖಕ್ಕೆ ತಾಗಿ ಅಪ್ಪ ಕೈ ಅಡ್ಡ ಹಿಡಿದ.

"ತಡಿ. ಹೊತ್ತು ಹುಟ್ಟೇತೇನು?"

ಹೊರಗೆ ಕಟ್ಟೆಯ ಮೇಲಿನವರು ಬಿಸಿಲಿಗೆ ಸರಿದು ಕೂಡ್ರಿ ಎಂದು ಒಬ್ಬರಿಗೊಬ್ಬರು ಹೇಳುವುದು ನಮ್ಮಿಬ್ಬರಿಗೂ ಕೇಳುತ್ತಿತ್ತು.

"ಇನ್ನೂ ಇಲ್ಲಪ್ಪ," ಎಂದೆ.

ಅಪ್ಪ ಅಡ್ಡ ಹಿಡಿದ ಕೈ ಇಳಿಸಿ, ಧೋತರದ ಚುಂಗು ಸರಿಮಾಡಿಕೊಂಡು, ನೆಟ್ಟಗೆ ಕೂತ.

"ಹಂಗಾರ ಲಗೂ ಬೆಳಗು," ಎಂದ.